ಸ್ಟೀವನ್ಸನ್ ಮನೆತನ: ದೀಪದ ವಿದ್ಯೆ ಬಂದಿದ್ದು ಮಲತಂದೆಯಿಂದ

ನಮಸ್ಕಾರ. ಸಂಗೀತಗಾರರ ಮಗಳು ಚೆನ್ನಾಗಿ ಹಾಡಿದರೆ ನಾವು ತಕ್ಷಣ ಏನು ಹೇಳ್ತೀವಿ? "ರಕ್ತದಲ್ಲೇ ಬಂದಿದೆ." ನನಗೆ ಈ ಮಾತಿನ ಮೇಲೆ ದೊಡ್ಡ ತಕರಾರಿದೆ. ಅದಕ್ಕೆ ಕಾರಣ ಸ್ಕಾಟ್ಲೆಂಡಿನ ಒಂದು ಎಂಜಿನಿಯರ್ ಮನೆತನ. ಅದರ ಕಥೆ ಹೇಳುವವರೆಲ್ಲ ರಕ್ತದ ಮಾತು ಆಡುತ್ತಾರೆ. ಆದರೆ ಆ ಮನೆಯಲ್ಲಿ ನಡೆದ ಮುಖ್ಯವಾದ ಸಂಗತಿಗಳೆಲ್ಲ ರಕ್ತ ಸಂಬಂಧದ ಆಚೆಗೇ ನಡೆದವು.

ಮನೆತನದ ಹೆಸರು ಸ್ಟೀವನ್ಸನ್. ಸ್ಕಾಟ್ಲೆಂಡಿನ ಸುತ್ತ ಇರುವ ದೀಪಸ್ತಂಭಗಳಲ್ಲಿ ಬಹುಪಾಲು ಇವರು ಕಟ್ಟಿಸಿದ್ದು. ಸುಮಾರು ನೂರೈವತ್ತು ವರ್ಷ, ಅಪ್ಪ, ಮಕ್ಕಳು, ಮೊಮ್ಮಕ್ಕಳು, ಮರಿಮಗ ಎಲ್ಲರೂ ಒಂದೇ ಕೆಲಸ ಮಾಡಿದರು. 'ಟ್ರೆಷರ್ ಐಲ್ಯಾಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ಇದೇ ಮನೆಯ ಹುಡುಗ. ಆ ಕಾದಂಬರಿಗಾರನ ತಾತನಿಂದ ಶುರು ಮಾಡುತ್ತೇನೆ. ಅವರ ಹೆಸರೂ ರಾಬರ್ಟ್.

ರಾಬರ್ಟ್ ಹುಟ್ಟಿದ್ದು 1772ರಲ್ಲಿ, ಗ್ಲಾಸ್ಗೋದಲ್ಲಿ. ಅಪ್ಪ ಅಲನ್ ವ್ಯಾಪಾರಿ. ಗ್ಲಾಸ್ಗೋಗೂ ವೆಸ್ಟ್ ಇಂಡೀಸ್ ದ್ವೀಪಗಳಿಗೂ ನಡುವೆ ನಡೆಯುತ್ತಿದ್ದ ವ್ಯಾಪಾರ ಅದು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ವ್ಯಾಪಾರ. ಇದನ್ನು ಹೇಳದೆ ಮುಂದೆ ಹೋಗಬಾರದು. ಅಲನ್ 1774ರಲ್ಲಿ ವೆಸ್ಟ್ ಇಂಡೀಸ್‌ನಲ್ಲೇ ಜ್ವರ ಬಂದು ತೀರಿಕೊಂಡರು. ಮಗುವಿಗೆ ಆಗ ಎರಡು ವರ್ಷ. ಸ್ಟೀವನ್ಸನ್ ಅನ್ನೋ ಹೆಸರು ಬಿಟ್ಟರೆ ಅಪ್ಪನಿಂದ ಈ ಮಗುವಿಗೆ ಬಂದಿದ್ದು ಹೆಚ್ಚು ಕಡಿಮೆ ಏನೂ ಇಲ್ಲ.

ತಾಯಿ ಜೀನ್ ಲಿಲಿ. ಚಿಕ್ಕ ವಯಸ್ಸಿನ ವಿಧವೆ, ಕೈಯಲ್ಲಿ ದುಡ್ಡಿಲ್ಲ. ಮಗನನ್ನು ಎಡಿನ್‌ಬರಾಗೆ ಕರೆದುಕೊಂಡು ಬಂದರು. ಮಗ ಚರ್ಚಿನ ಪಾದ್ರಿ ಆಗಬೇಕು ಅನ್ನೋದು ಅವರ ಆಸೆ. ಅಲ್ಲಿ ಅವರು ಥಾಮಸ್ ಸ್ಮಿತ್ ಎಂಬುವವರನ್ನು ಮದುವೆಯಾದರು. ನನ್ನ ಪ್ರಕಾರ ಈ ಮನೆತನದ ಕಥೆ ಶುರುವಾಗುವುದು ಇಲ್ಲಿ.

ಯಾರು ಈ ಸ್ಮಿತ್? ತಗಡಿನ ಕೆಲಸ ಮಾಡುವವರು, ದೀಪ ಮಾಡುವವರು. ಎಡಿನ್‌ಬರಾದ ಹೊಸ ಬಡಾವಣೆಯ ಬೀದಿಗಳಿಗೆ ದೀಪ ಹಾಕಿದ್ದು ಇವರೇ. ಇವರ ತಂದೆ ಡಂಡಿ ಬಂದರಿನಲ್ಲಿ ಮುಳುಗಿ ಸತ್ತಿದ್ದರು. ಎಣ್ಣೆ ದೀಪದ ಹಿಂದೆ ಸಣ್ಣ ಸಣ್ಣ ಕನ್ನಡಿ ಚೂರುಗಳನ್ನು ಬಟ್ಟಲಿನ ಆಕಾರದಲ್ಲಿ ಜೋಡಿಸಿದರೆ ಬೆಳಕು ದೂರ ಹೋಗುತ್ತದೆ ಎಂದು ಇವರು ಮಾಡಿ ತೋರಿಸಿದರು. 1786ರಲ್ಲಿ ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳ ಮಂಡಳಿ ಶುರುವಾದಾಗ ಅದರ ಮೊದಲ ಎಂಜಿನಿಯರ್ ಇವರೇ. ಮರುವರ್ಷ ಕಿನೇರ್ಡ್ ಹೆಡ್‌ನಲ್ಲಿ ಮಂಡಳಿಯ ಮೊದಲ ದೀಪ ಹತ್ತಿತು.

ರಾಬರ್ಟ್ ಈ ಮಲತಂದೆಯ ಕೈಕೆಳಗೆ ಕೆಲಸ ಕಲಿತರು. ಹತ್ತೊಂಬತ್ತರ ವಯಸ್ಸಿಗೆ ಕ್ಲೈಡ್ ಕೊಲ್ಲಿಯ ಒಂದು ದ್ವೀಪದಲ್ಲಿ ದೀಪಸ್ತಂಭದ ಕೆಲಸ ನೋಡಿಕೊಂಡರು. ಚಳಿಗಾಲದಲ್ಲಿ ಸಮುದ್ರದ ಕೆಲಸ ನಿಂತಾಗ ಕಾಲೇಜಿಗೆ ಹೋಗಿ ಪಾಠ ಕೇಳಿದರು. ಡಿಗ್ರಿ ಸಿಗಲೇ ಇಲ್ಲ. 1799ರಲ್ಲಿ ಸ್ಮಿತ್ ಅವರ ಮೊದಲ ಮದುವೆಯ ಮಗಳನ್ನೇ, ಅಂದರೆ ಒಂದೇ ಮನೆಯಲ್ಲಿ ಜೊತೆಗೆ ಬೆಳೆದ ಹುಡುಗಿಯನ್ನೇ, ಮದುವೆಯಾದರು. ಆಕೆಯ ಹೆಸರೂ ಜೀನ್.

ಈಗ ಹೇಳಿ, ಇದರಲ್ಲಿ ಸ್ಟೀವನ್ಸನ್ ರಕ್ತದ ಪಾಲು ಎಷ್ಟು? ಒಬ್ಬ ವಿಧವೆಯ ಎರಡನೇ ಮದುವೆ, ಮಲಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಒಬ್ಬ ಮನುಷ್ಯ. ಅದು ಇಲ್ಲದಿದ್ದರೆ ಮುಂದಿನದು ಯಾವುದೂ ಇರುತ್ತಿರಲಿಲ್ಲ. ಆದರೂ ಚರಿತ್ರೆಯಲ್ಲಿ ಹೆಸರು ಉಳಿದಿದ್ದು ಸ್ಟೀವನ್ಸನ್ ಅಂತ. ಸ್ಮಿತ್ ಅವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಸರಿ, ಬೆಲ್ ರಾಕ್ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ ಆರ್ಬ್ರೋತ್ ಊರಿನಿಂದ ಸುಮಾರು 18 ಕಿಲೋಮೀಟರ್ ದೂರ, ಸಮುದ್ರದ ನಡುವೆ ಒಂದು ಬಂಡೆ. ಭರತ ಬಂದರೆ ಪೂರ್ತಿ ಮುಳುಗುತ್ತದೆ. ಇಳಿತದಲ್ಲಿ ಮಾತ್ರ ಕೆಲವು ಗಂಟೆ ಮೇಲೆ ಕಾಣುತ್ತದೆ. ಎಷ್ಟೋ ಹಡಗುಗಳನ್ನು ಅದು ಒಡೆದಿತ್ತು. 1804ರಲ್ಲಿ ಯಾರ್ಕ್ ಎಂಬ ಯುದ್ಧನೌಕೆ ಅಷ್ಟೂ ಜನರ ಜೊತೆ ಕಾಣೆಯಾಯಿತು. ಅದು ಇದೇ ಬಂಡೆಗೆ ಬಡಿದಿರಬೇಕು ಎಂದು ಜನ ನಂಬಿದರು. ಆಮೇಲೆ ಅಲ್ಲಿ ದೀಪಸ್ತಂಭ ಕಟ್ಟಲು ಸರ್ಕಾರ ಒಪ್ಪಿತು.

1807ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ದಿನಕ್ಕೆ ಕೆಲವೇ ಗಂಟೆ. ನೀರು ಏರಿದರೆ ಸುತ್ತಿಗೆ, ಉಳಿ ಎತ್ತಿಕೊಂಡು ದೋಣಿಗೆ ಓಡಬೇಕು. ಅದೇ ವರ್ಷ ಸೆಪ್ಟೆಂಬರ್ 2ರಂದು ಒಂದು ಘಟನೆ ನಡೆಯಿತು. ಬಂಡೆಯ ಮೇಲೆ ರಾಬರ್ಟ್ ಸೇರಿ 32 ಜನ. ಹತ್ತಿರ ಕಟ್ಟಿದ್ದ ಸ್ಮೀಟನ್ ಎಂಬ ಹಡಗು ಹಗ್ಗ ಬಿಚ್ಚಿಕೊಂಡು ಗಾಳಿಗೆ ದೂರ ಹೋಯಿತು. ಉಳಿದಿದ್ದು ಎರಡು ದೋಣಿ. ಅವುಗಳಲ್ಲಿ ಕೂರಬಹುದಾದವರು ಹೆಚ್ಚೆಂದರೆ 24 ಜನ. ನೀರು ಏರುತ್ತಿದೆ. ಕೆಲಸಗಾರರಿಗೆ ಮೊದಲು ಗೊತ್ತಾಗಲಿಲ್ಲ, ತಲೆ ತಗ್ಗಿಸಿ ಕಲ್ಲು ಕಡಿಯುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಎದ್ದು ನೋಡಿದರು. ಯಾರೂ ಮಾತಾಡಲಿಲ್ಲ. ಎಲ್ಲರೂ ಎಂಜಿನಿಯರ್ ಮುಖ ನೋಡಿದರು. ರಾಬರ್ಟ್ ಏನೋ ಹೇಳಲು ಬಾಯಿ ತೆರೆದರು, ನಾಲಿಗೆ ಒಣಗಿಹೋಗಿತ್ತು, ಮಾತೇ ಹೊರಡಲಿಲ್ಲ. ಬಗ್ಗಿ ಬಂಡೆಯ ಗುಂಡಿಯಲ್ಲಿದ್ದ ಉಪ್ಪುನೀರನ್ನೇ ಕುಡಿದರು. ಅಷ್ಟರಲ್ಲಿ ಯಾರೋ ಕೂಗಿದರು, ದೋಣಿ ಬಂತು ಅಂತ. ಜೇಮ್ಸ್ ಸ್ಪಿಂಕ್ ಎಂಬ ಆರ್ಬ್ರೋತ್ ದೋಣಿಗಾರ ಅವತ್ತು ಕಾಗದ ಕೊಡಲು ಬಂದಿದ್ದ.

ಇದನ್ನು ಬರೆದಿಟ್ಟವರು ರಾಬರ್ಟ್ ಸ್ಟೀವನ್ಸನ್ ಅವರೇ. ತಮ್ಮ ಬಾಯಿ ಒಣಗಿದ್ದನ್ನೂ ಬರೆದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುವುದು ಈ ಕಾರಣಕ್ಕೆ. ಕಬ್ಬಿಣದ ಕೆಲಸದ ಜೇಮ್ಸ್ ಡವ್, ಕಲ್ಲು ಕೆಲಸದ ಮೇಸ್ತ್ರಿ ಪೀಟರ್ ಲೋಗನ್, ಬಡಗಿ ಫ್ರಾನ್ಸಿಸ್ ವ್ಯಾಟ್, ಇವರ ಹೆಸರುಗಳು ಇವತ್ತು ನಮಗೆ ಗೊತ್ತಿರುವುದೂ ರಾಬರ್ಟ್ ಬರೆದಿಟ್ಟಿದ್ದರಿಂದಲೇ. ಆರ್ಬ್ರೋತ್‌ನಲ್ಲಿ ಕಲ್ಲಿನ ಗಾಡಿ ಎಳೆದ ಬಾಸಿ ಎಂಬ ಕುದುರೆಯ ಹೆಸರೂ ಉಳಿದಿದೆ. 1811ರ ಫೆಬ್ರವರಿ 1ರಂದು ದೀಪ ಹತ್ತಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಕಡಿದ ಕಲ್ಲುಗಳ ಆ ಗೋಪುರ ಇವತ್ತಿಗೂ ನಿಂತಿದೆ. ಸುಮಾರು 35 ಮೀಟರ್ ಎತ್ತರ.

ಒಂದು ಮಾತು ಸೇರಿಸಬೇಕು. ದಾಖಲೆ ಪ್ರಕಾರ ಈ ಕೆಲಸದ ಮುಖ್ಯ ಎಂಜಿನಿಯರ್ ಜಾನ್ ರೆನ್ನಿ. ಕಟ್ಟಿದ್ದು ಯಾರು ಎಂದು ಎರಡು ಮನೆತನಗಳೂ ಮಕ್ಕಳ ಕಾಲದವರೆಗೆ ಜಗಳವಾಡಿದವು. ರೆನ್ನಿ ಅವರ ಸಲಹೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೆ ಬಂಡೆಯ ಮೇಲೆ ಕೆಲಸಗಾರರ ಜೊತೆ ನಿಂತವರು ರಾಬರ್ಟ್. ನನ್ನ ತೂಕ ಆ ಕಡೆಗೆ. ಆ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ರಾಬರ್ಟ್ ಮತ್ತು ಜೀನ್ ತಮ್ಮ ಪುಟ್ಟ ಮಕ್ಕಳನ್ನೂ ಕಳೆದುಕೊಂಡರು.

ಮೂವರು ಗಂಡುಮಕ್ಕಳು ಅಪ್ಪನ ದಾರಿ ಹಿಡಿದರು. ಹಿರಿಯ ಮಗ ಅಲನ್‌ಗೆ ಇಷ್ಟ ಇದ್ದದ್ದು ಸಾಹಿತ್ಯ, ಗ್ರೀಕ್, ಲ್ಯಾಟಿನ್. ಆದರೂ ಎಂಜಿನಿಯರ್ ಆದರು. ಫ್ರಾನ್ಸಿಗೆ ಹೋಗಿ, ದೀಪದ ಬೆಳಕನ್ನು ದೂರಕ್ಕೆ ಕಳಿಸುವ ಫ್ರೆನೆಲ್ ಲೆನ್ಸ್ ಬಗ್ಗೆ ಕಲಿತು ಬಂದರು. ಟೈರೀ ದ್ವೀಪದ ಆಚೆ ಸ್ಕೆರಿವೋರ್ ಎಂಬ ಬಂಡೆಯ ಮೇಲೆ 48 ಮೀಟರ್ ಎತ್ತರದ ಗೋಪುರ ಎಬ್ಬಿಸಿದರು. ಕೆಲಸಗಾರರಿಗೆ ಕಟ್ಟಿದ್ದ ಮೊದಲ ಮನೆಯನ್ನು 1838ರ ಬಿರುಗಾಳಿ ಎತ್ತಿಕೊಂಡು ಹೋಗಿತ್ತು. ಮತ್ತೆ ಕಟ್ಟಿದರು. 1844ರಲ್ಲಿ ದೀಪ ಹತ್ತಿತು. ಅದಕ್ಕಿಂತ ಚೆಂದದ ದೀಪಸ್ತಂಭ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅಲನ್ ಅವರ ದೇಹ ಸೋತುಹೋಯಿತು. ನಲವತ್ತಾರರ ಹೊತ್ತಿಗೆ, 1853ರಲ್ಲಿ, ಕೈಕಾಲು ಸ್ವಾಧೀನ ತಪ್ಪಿ ಕೆಲಸ ಬಿಟ್ಟರು. ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಗ್ರೀಕ್ ಪದ್ಯಗಳನ್ನು ಇಂಗ್ಲಿಷಿಗೆ ತಂದರು. ಮನೆತನದ ಕೆಲಸ ಅಂತ ಒಪ್ಪಿಕೊಂಡ ಮಗ ತನ್ನ ಇಷ್ಟದ ಕೆಲಸಕ್ಕೆ ಮರಳಿದ್ದು ಕಾಯಿಲೆ ಬಿದ್ದ ಮೇಲೆ. ಇದನ್ನು ಹೆಮ್ಮೆಯ ಕಥೆ ಎಂದು ಹೇಗೆ ಹೇಳುವುದು?

ಎರಡನೆಯವರು ಡೇವಿಡ್. ಜಪಾನಿನ ದೀಪಸ್ತಂಭಗಳಿಗೂ ಸಲಹೆ ಕೊಟ್ಟವರು ಇವರು. ಮೂರನೆಯವರು ಥಾಮಸ್, ನಮ್ಮ ಕಾದಂಬರಿಗಾರನ ಅಪ್ಪ.

ಥಾಮಸ್ ನನಗೆ ಬಹಳ ಹತ್ತಿರ. ಅಲೆಯ ಹೊಡೆತವನ್ನು ಅಳೆಯಲು ಒಂದು ಉಪಕರಣ ಮಾಡಿದರು. ಸ್ಕೆರಿವೋರ್ ಬಳಿ ಒಂದು ಚದರ ಅಡಿಗೆ 6,000 ಪೌಂಡ್‌ಗೂ ಹೆಚ್ಚಿನ ಹೊಡೆತ ದಾಖಲಾಯಿತು. ಇನ್ನೊಂದು ಕೆಲಸ ನಮ್ಮ ಊರುಗಳಿಗೂ ಬಂದಿದೆ. ಹವಾಮಾನ ಕೇಂದ್ರಗಳ ಅಂಗಳದಲ್ಲಿ ಕಾಲಿನ ಮೇಲೆ ನಿಲ್ಲಿಸಿದ ಬಿಳಿ ಬಣ್ಣದ ಮರದ ಪೆಟ್ಟಿಗೆ ನೋಡಿದ್ದೀರಾ? ಸುತ್ತ ಜಾಲರಿಯಂಥ ಓರೆ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು, ಮಳೆ ಒಳಗೆ ಬೀಳುವುದಿಲ್ಲ. ಒಳಗೆ ಥರ್ಮಾಮೀಟರ್‌ಗಳು. ಅದಕ್ಕೆ ಸ್ಟೀವನ್ಸನ್ ಸ್ಕ್ರೀನ್ ಅಂತಲೇ ಹೆಸರು. 1860ರ ದಶಕದಲ್ಲಿ ಥಾಮಸ್ ರೂಪಿಸಿದ್ದು. ಬೆಂಗಳೂರಿನ, ಕಲಬುರಗಿಯ ಉಷ್ಣಾಂಶದ ಹಳೆಯ ಲೆಕ್ಕಗಳ ಹಿಂದೆ ಇರುವುದು ಇಂಥ ಪೆಟ್ಟಿಗೆಗಳೇ. ಥಾಮಸ್ ತಮ್ಮ ಯಾವ ಉಪಕರಣಕ್ಕೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಸರ್ಕಾರದ ಕೆಲಸದಲ್ಲಿ ಇರುವವನು ಮಾಡಿದ್ದು ದೇಶಕ್ಕೆ ಸೇರಿದ್ದು ಎಂದು ನಂಬಿದ್ದರು.

ಸೋಲೂ ಇತ್ತು. ವಿಕ್ ಎಂಬ ಊರಿನಲ್ಲಿ ಬಂದರಿಗೆ ಅಡ್ಡಗೋಡೆ ಕಟ್ಟಿದರು. 1872ರ ಬಿರುಗಾಳಿಯಲ್ಲಿ 1,350 ಟನ್ ತೂಕದ ಕಟ್ಟು ಕಿತ್ತುಹೋಯಿತು. ಇನ್ನೂ ದೊಡ್ಡದನ್ನು ಕೂರಿಸಿದರು. 1877ರಲ್ಲಿ ಅದೂ ಹೋಯಿತು. ಅಲೆಗಳನ್ನು ಅಷ್ಟು ಅಳೆದ ಮನುಷ್ಯನನ್ನೇ ಸಮುದ್ರ ಎರಡು ಸಲ ಸೋಲಿಸಿತು.

ಈ ಥಾಮಸ್‌ಗೆ ಒಬ್ಬನೇ ಮಗ. ಎದೆಯ ಕಾಯಿಲೆ. ಹುಟ್ಟಿದ್ದು 1850ರಲ್ಲಿ, ತಾತ ತೀರಿಕೊಂಡ ವರ್ಷವೇ. ಮಗನನ್ನೂ ಎಂಜಿನಿಯರಿಂಗ್‌ಗೆ ಹಾಕಿದರು. ಹುಡುಗ ವಿಕ್‌ನಲ್ಲಿ ಮುಳುಗುಗಾರರ ಉಡುಪು ಹಾಕಿಕೊಂಡು ಸಮುದ್ರದ ತಳಕ್ಕೆ ಇಳಿದ. ಡೂ ಹಾರ್ಟಾಕ್ ದೀಪಸ್ತಂಭದ ಕೆಲಸ ನಡೆಯುವಾಗ ಎರಿಡ್ ದ್ವೀಪದಲ್ಲಿ ಮೂರು ವಾರ ಇದ್ದ. ದೀಪದ ಬಗ್ಗೆ ಬರೆದ ಪ್ರಬಂಧಕ್ಕೆ ಬೆಳ್ಳಿ ಪದಕವೂ ಬಂತು. ಅದೇ 1871ರಲ್ಲಿ ಅಪ್ಪನ ಜೊತೆ ವಾಕಿಂಗ್ ಹೋದಾಗ ಹೇಳಿಬಿಟ್ಟ, ನನಗೆ ಇದು ಬೇಡ, ನಾನು ಬರೆಯುತ್ತೇನೆ ಅಂತ. ಅಪ್ಪ ನೊಂದರು, ಆದರೂ ಒಪ್ಪಿದರು. ಹೊಟ್ಟೆಪಾಡಿಗೆ ಕಾನೂನು ಓದು ಎಂದರು.

ಮಗ ವಂಶದ ಕೊಂಡಿ ಕಳಚಿಕೊಂಡು ಹೋದ ಎಂದು ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1881ಕ್ಕೆ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಹಳ್ಳಿಯ ಮನೆಗೆ ಬನ್ನಿ. ಹೊರಗೆ ಮಳೆ. ಲೂಯಿ ತನ್ನ ಮಲಮಗ ಲಾಯ್ಡ್ ಜೊತೆ ಆಟವಾಡುತ್ತಾ ಒಂದು ದ್ವೀಪದ ನಕ್ಷೆ ಬರೆದರು. ಅದರಿಂದ 'ಟ್ರೆಷರ್ ಐಲ್ಯಾಂಡ್' ಕಥೆ ಹುಟ್ಟಿತು. ದಿನಾ ಬರೆದಿದ್ದನ್ನು ಮನೆಯವರಿಗೆ ಓದಿ ಹೇಳುತ್ತಿದ್ದರು. ಕೇಳುವವರಲ್ಲಿ ಥಾಮಸ್ ಕೂಡ ಇದ್ದರು. ಆ ಎಂಜಿನಿಯರ್ ಜೀವನವಿಡೀ ರಾತ್ರಿ ನಿದ್ದೆ ಬರಲು ತಮಗೆ ತಾವೇ ಹಡಗು, ದರೋಡೆಕೋರ, ಮುದಿ ನಾವಿಕರ ಕಥೆ ಕಟ್ಟಿಕೊಳ್ಳುತ್ತಿದ್ದವರು. ಆ ಕಥೆಯ ಮುದಿ ನಾವಿಕ ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿ ಏನೇನು ಇತ್ತು ಎಂದು ಪಟ್ಟಿ ಬರೆದುಕೊಟ್ಟಿದ್ದು ಥಾಮಸ್. ಕಥೆಯ ಕಡಲ್ಗಳ್ಳ ಫ್ಲಿಂಟ್‌ನ ಹಡಗಿಗೆ ವಾಲ್ರಸ್ ಎಂದು ಹೆಸರಿಟ್ಟಿದ್ದೂ ಥಾಮಸ್.

ಅಪ್ಪ, ಮಗ, ಮಲಮಗ ಮೂವರೂ ಸೇರಿದಾಗ ಆ ಪುಸ್ತಕ ಆಯಿತು. ತಾತನಿಗೆ ಮಲತಂದೆ ದೀಪ ಕಲಿಸಿದರು, ಮೊಮ್ಮಗ ಮಲಮಗನಿಗಾಗಿ ಕಥೆ ಬರೆದರು. ಲೂಯಿಗೆ ಸ್ವಂತ ಮಕ್ಕಳಿಲ್ಲ. ಕೊನೆಗಾಲದಲ್ಲಿ ಸಮೋವಾ ದ್ವೀಪದಲ್ಲಿ ಅವರು ಹೇಳುತ್ತಾ ಹೋದರೆ ಬರೆದುಕೊಂಡವರು ಮಲಮಗಳು ಬೆಲ್. ಅಲ್ಲೇ ತಾತನ ಬಗ್ಗೆ, ಮನೆತನದ ಬಗ್ಗೆಯೂ ಬರೆಯುತ್ತಿದ್ದರು. ನಾವು ಸ್ಕಾಟ್ಲೆಂಡಿನ ಹಳೆಯ ಮೆಕ್‌ಗ್ರೆಗರ್ ಕುಲದವರು ಇರಬಹುದೇ ಎಂದು ಆಸೆಯಿಂದ ಹುಡುಕಿದರು. ಅಷ್ಟು ದೂರದ ರಕ್ತವನ್ನು ಹುಡುಕುವ ಅಗತ್ಯ ಏನಿತ್ತು, ಸ್ಮಿತ್ ಇರುವಾಗ? 1894ರ ಡಿಸೆಂಬರ್‌ನಲ್ಲಿ, 44ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಬರಹ ಬೆಲ್ ರಾಕ್ ತನಕ ಬಂದು ನಿಂತಿತು.

ದೀಪದ ಕೆಲಸವನ್ನು ಮುಂದುವರಿಸಿದವರು ಡೇವಿಡ್ ಅವರ ಮಕ್ಕಳು, ಡೇವಿಡ್ ಅಲನ್ ಮತ್ತು ಚಾರ್ಲ್ಸ್. ಆಮೇಲೆ ಚಾರ್ಲ್ಸ್ ಅವರ ಮಗ ಡಿ. ಅಲನ್ ಸ್ಟೀವನ್ಸನ್. ಮನೆತನದ ಕೊನೆಯ ದೀಪಸ್ತಂಭ ಎಂಜಿನಿಯರ್ ಇವರೇ, 1971ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ಇವರು ಭಾರತಕ್ಕೂ ಬಂದಿದ್ದರು. ಇಲ್ಲಿನ ದೀಪಸ್ತಂಭಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಟ್ಟರು. 1927ರಲ್ಲಿ ದೀಪಸ್ತಂಭಗಳಿಗೆ ಪ್ರತ್ಯೇಕ ಕಾಯ್ದೆ ಬಂತು.

ನಮ್ಮ ಕರಾವಳಿಯಲ್ಲೂ ಹಳೆಯ ದೀಪಸ್ತಂಭಗಳಿವೆ. ಕಾಪುವಿನದು 1901ರದ್ದು. ಅದು ಸ್ಟೀವನ್ಸನ್ನರು ಕಟ್ಟಿದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲೂ ಕಲ್ಲು ಹೊತ್ತವರು, ದೀಪ ಕಾದವರು ಇದ್ದರು. ನಿಮ್ಮ ಮನೆಯಲ್ಲಿ ಯಾರಾದರೂ ದೀಪಸ್ತಂಭದ ಕೆಲಸ ಮಾಡಿದ್ದರೆ, ಅದನ್ನು ಅವರಿಗೆ ಕಲಿಸಿದ್ದು ಮಾವನೋ, ನೆರೆಯವರೋ, ಯಾರೇ ಆಗಿರಲಿ, ಕಲಿಸಿದವರ ಹೆಸರನ್ನೂ ಸೇರಿಸಿ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.