ಜೆರ್ಸಿಯ ಅಳತೆ

ಕೇಳುಗರಿಗೆ ನಮಸ್ಕಾರ.

ಶಾಲಾ ಕ್ರೀಡಾಕೂಟಗಳ ಕಾಲ ಬಂದಿದೆ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ದಾಟಿ ಗುಬ್ಬಿ, ಕುಣಿಗಲ್, ತುರುವೇಕೆರೆಯ ಮಕ್ಕಳು ತುಮಕೂರಿಗೆ ಬರುತ್ತಾರೆ. ಹುಡುಗಿಯರ ಕಬಡ್ಡಿ ನೋಡಲು ಹೋದವರು ಒಮ್ಮೆ ಅವರ ಕೈಗಳನ್ನಷ್ಟೇ ಗಮನಿಸಿ. ದಾಳಿಗೆ ಹೊರಡುವವಳು ಮಧ್ಯದ ಗೆರೆ ಮುಟ್ಟಿ ನಮಸ್ಕರಿಸುತ್ತಾಳೆ, ಒಡನೆಯೇ ಜೆರ್ಸಿಯ ಅಂಚನ್ನು ಕೆಳಕ್ಕೆಳೆದುಕೊಳ್ಳುತ್ತಾಳೆ. ಎದುರಾಳಿಯನ್ನು ಮುಟ್ಟಿ, ಗೆರೆಯತ್ತ ಹಾರಿ ಬಿದ್ದು ಎದ್ದವಳ ಕೈ ಮೊದಲು ಹೋಗುವುದು ಕೊರಳಿನ ಬಳಿಗೆ. ಒಂದು ದಾಳಿಗೆ ಸಿಗುವುದೇ 30 ಸೆಕೆಂಡು. ಅದರಲ್ಲಿ ಎರಡು ಮೂರು ಸೆಕೆಂಡು ಬಟ್ಟೆಯ ಕಾವಲಿಗೇ ಖರ್ಚು.

ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಇದರ ಒಳಗುಟ್ಟು ಗೊತ್ತು. ಜೆರ್ಸಿಗೆ ಆರ್ಡರ್ ಕೊಡುವಾಗ ಹುಡುಗರ ಅಳತೆಯಲ್ಲೇ ಎಲ್ಲರಿಗೂ ಸೇರಿಸಿ ಕೊಡುವುದು ಅನೇಕ ಕಡೆ ರೂಢಿ. ಹುಡುಗಿಯರಿಗೆ ಅದರ ಕೊರಳು ಅಗಲ, ತೋಳಿನ ಕಂಕುಳು ಸಡಿಲ. ಅವರು ಹೆಗಲಿನ ಹತ್ತಿರ ಮಡಿಸಿ ಸೇಫ್ಟಿ ಪಿನ್ ಚುಚ್ಚಿಕೊಳ್ಳುತ್ತಾರೆ. ಹಿಡಿದು ಎಳೆದಾಡುವ ಆಟದಲ್ಲಿ ಪಿನ್ ಇರಕೂಡದು, ಯಾರ ಕಣ್ಣಿಗಾದರೂ ತಗುಲೀತು. ಅಂಪೈರ್ ನೋಡಿದರೆ ತೆಗೆಸುತ್ತಾರೆ, ತೆಗೆಸಲೇಬೇಕು. ಪಿನ್ ತೆಗೆದ ಹುಡುಗಿ ಬಾಗಲು ಹಿಂಜರಿಯುತ್ತಾಳೆ. ಕಬಡ್ಡಿಯಲ್ಲಿ ಬಾಗದೆ ಆಡುವುದು ಹೇಗೆ? ಗ್ಯಾಲರಿಯಲ್ಲಿ ಕುಳಿತವರು ‘ಹುಡುಗಿಯರಿಗೆ ಧೈರ್ಯ ಸಾಲದು’ ಎನ್ನುತ್ತಾರೆ.

ಊರಿನಲ್ಲಿ ಇನ್ನೊಂದು ಮಾತು ಕಾದಿರುತ್ತದೆ. ‘ಬಿಸಿಲಲ್ಲಿ ಓಡಿ ಕಪ್ಪಾದರೆ ನಾಳೆ ಯಾರು ಒಪ್ಪುತ್ತಾರೆ?’ ‘ಗಂಡುಬೀರಿಯ ಹಾಗೆ ಚಡ್ಡಿ ಹಾಕಿಕೊಂಡು ಏನದು?’ ಎಂಟನೆಯ ತರಗತಿಯವರೆಗೆ ಗುಂಡು ಎಸೆಯುತ್ತಿದ್ದವಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಮೈದಾನದ ಅಂಚಿನಲ್ಲಿ ಗೆಳತಿಯರ ಚೀಲ ಕಾಯುತ್ತಿರುತ್ತಾಳೆ.

ಇದು ಹಳ್ಳಿಯ ಹಿಂದುಳಿದ ಬುದ್ಧಿ, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಎಂದು ಯಾರಾದರೂ ಸಮಾಧಾನ ಮಾಡಿಕೊಳ್ಳುವ ಮೊದಲು ನಾರ್ವೆಯ ಪ್ರಸಂಗ ಕೇಳಿ. 2021ರಲ್ಲಿ ಬಲ್ಗೇರಿಯಾದಲ್ಲಿ ಯುರೋಪಿನ ಬೀಚ್ ಹ್ಯಾಂಡ್‌ಬಾಲ್ ಪಂದ್ಯಾವಳಿ ನಡೆಯಿತು. ಆಗಿನ ನಿಯಮದ ಪ್ರಕಾರ ಹೆಂಗಸರು ಬಿಕಿನಿಯನ್ನೇ ತೊಡಬೇಕು, ಅದರ ಪಕ್ಕದ ಪಟ್ಟಿ 10 ಸೆಂಟಿಮೀಟರ್ ಮೀರಬಾರದು. ಅದೇ ಮರಳಿನಲ್ಲಿ ಗಂಡಸರಿಗೆ ಚಡ್ಡಿ. ನಾರ್ವೆಯ ಹುಡುಗಿಯರು ತಾವೂ ಚಡ್ಡಿ ಹಾಕಿಕೊಂಡು ಆಡಿದರು. ತಂಡಕ್ಕೆ 1500 ಯೂರೊ ದಂಡ ಬಿತ್ತು. ಜಗತ್ತೆಲ್ಲ ಉಗಿದ ಮೇಲೆ ಆ ವರ್ಷವೇ ನಿಯಮ ಬದಲಾಯಿತು. ಈಗ ಹೆಂಗಸರೂ ಚಡ್ಡಿ ಹಾಕಬಹುದು, ಆದರೆ ಅದು ಮೈಗಂಟಿದಂತೆ ಬಿಗಿಯಾಗಿರಬೇಕಂತೆ! ಗಂಡಸರದು ತೀರಾ ದೊಗಳೆಯಾಗಿರದಿದ್ದರೆ ಸಾಕು.

ಬ್ಯಾಡ್ಮಿಂಟನ್‌ನವರೂ ಕಡಿಮೆಯಿಲ್ಲ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ ಮಹಿಳೆಯರು ಸ್ಕರ್ಟ್ ತೊಟ್ಟೇ ಆಡಬೇಕೆಂದು ಹೊರಟಿತು. ಆಟ ಆಕರ್ಷಕವಾಗಿ ಕಾಣಲಿ ಎಂಬುದು ಅವರ ಸಮಜಾಯಿಷಿ. ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಅದೇ ವರ್ಷ ಜ್ವಾಲಾ ಗುಟ್ಟಾ ಜೊತೆಗೂಡಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಅಂಥ ಆಟ ಕಣ್ಣೆದುರಿಗಿದ್ದಾಗ ಆಕರ್ಷಣೆಯನ್ನು ಲಂಗದಲ್ಲಿ ಹುಡುಕಿದವರ ಬುದ್ಧಿಗೆ ಏನೆನ್ನೋಣ? ವಿರೋಧ ಹೆಚ್ಚಾಗಿ 2012ರಲ್ಲಿ ಆ ನಿಯಮವನ್ನು ಕೈಬಿಟ್ಟರು.

ಮೈ ಮುಚ್ಚಿಕೋ ಎನ್ನುವ ನಮ್ಮೂರ ಹಿರಿಯರೂ, ಮೈ ತೋರಿಸು ಎನ್ನುವ ಅಲ್ಲಿನ ಅಧಿಕಾರಿಗಳೂ ಎದುರುಬದುರು ಕುಳಿತರೆ ಜಗಳವಾಡಿಯಾರು. ನನಗೆ ಮಾತ್ರ ಇಬ್ಬರೂ ಒಂದೇ ಪಂಕ್ತಿಯವರು. ಬಟ್ಟೆ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದೇ ಇಬ್ಬರ ಚಿಂತೆ. ಅದನ್ನು ತೊಟ್ಟು ಓಡಬೇಕಾದವಳನ್ನು ಇಬ್ಬರೂ ಕೇಳುವುದಿಲ್ಲ. ಹಾಗೆಂದು ಚಡ್ಡಿಯೇ ಸರಿ, ಟ್ರ್ಯಾಕ್ ಪ್ಯಾಂಟ್ ತಪ್ಪು ಎಂದು ನಾನು ಹೇಳುತ್ತಿಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟ್‌ಗಳು ಕಣಕಾಲಿನವರೆಗೆ ಮುಚ್ಚುವ ಉಡುಪನ್ನು ತಾವೇ ಆರಿಸಿಕೊಂಡು ಸ್ಪರ್ಧಿಸಿದರು. ನಮ್ಮ ಶಾಲೆಗಳಲ್ಲೂ ಹುಡುಗಿಯರನ್ನೇ ಕೇಳಿ, ಅವರದೇ ಅಳತೆ ತೆಗೆದು ಹೊಲಿಸಿದರೆ ಆಗುವ ಹೆಚ್ಚಿನ ಖರ್ಚು ಅಷ್ಟೇನಲ್ಲ. ಜೆರ್ಸಿ ಕೊಡಿಸುವ ದಾನಿಗಳು ಬೆನ್ನ ಮೇಲೆ ತಮ್ಮ ಹೆಸರು ಎಷ್ಟು ದೊಡ್ಡದಿರಬೇಕೆಂದು ಮರೆಯದೆ ಹೇಳುತ್ತಾರೆ. ಕೊರಳಿನ ಅಗಲವನ್ನೂ ಒಮ್ಮೆ ವಿಚಾರಿಸಬಹುದು.

ಈಗ ಮೊಬೈಲಿನ ವಿಷಯ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಅಂಕಣದ ಹಿಂಬದಿಯಲ್ಲಿ ನಾಲ್ಕಾರು ಜನ ಫೋನ್ ಹಿಡಿದು ಕೂರುತ್ತಾರೆ. ಅವರಿಗೆ ಅಂಕ ಎಷ್ಟಾಯಿತೆಂಬುದು ಬೇಕಿಲ್ಲ. ಖೋ-ಖೋ ಆಟಗಾರ್ತಿ ಡೈವ್ ಹೊಡೆದ ಗಳಿಗೆಯನ್ನು ಹಿಂದಿನಿಂದ ಹಿಡಿದು, ಒಂದು ಪೋಲಿ ಹಾಡು ಅಂಟಿಸಿ ಹರಿಬಿಡುತ್ತಾರೆ. ಆ ಹುಡುಗಿ ಶಾಲೆಗೆ ಹೋಗುವ ಹುಡುಗಿ ಎಂಬುದು ಅವರಿಗೆ ನೆನಪಾಗುವುದಿಲ್ಲ. ವಿಡಿಯೊ ಮನೆಯವರ ಕಣ್ಣಿಗೆ ಬಿದ್ದರೆ ನಿಲ್ಲುವುದು ಅವಳ ಆಟ, ತೆಗೆದವನ ಫೋನಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಸಾರದ ಮುಖ್ಯಸ್ಥರೇ ಮುಂದೆ ಬಂದು, ಗಂಡಸರನ್ನೂ ಹೆಂಗಸರನ್ನೂ ಒಂದೇ ರೀತಿ ಚಿತ್ರೀಕರಿಸಬೇಕೆಂದು ಕ್ಯಾಮೆರಾದವರಿಗೆ ತಾಕೀತು ಮಾಡಬೇಕಾಯಿತು. ಬಾನುಲಿಯ ವೀಕ್ಷಕ ವಿವರಣೆಗೆ ಆ ಕಷ್ಟವಿಲ್ಲ ನೋಡಿ. ಯಾರು ಎಸೆದರು, ಯಾರು ಹಿಡಿದರು, ಸ್ಕೋರ್ ಎಷ್ಟು ಎಂದು ಹೇಳಿದರೇ ಕೇಳುಗರಿಗೆ ಆಟ ಸಿಗುವುದು.

ಆದ್ದರಿಂದ ಮೈಕು ಹಿಡಿದು ಪಂದ್ಯದ ವಿವರಣೆ ಕೊಡುವವರಲ್ಲಿ ನನ್ನ ವಿನಂತಿ: ‘ನೋಡಿ, ಚೆಲುವೆಯರ ತಂಡ ಅಂಕಣಕ್ಕೆ ಬರುತ್ತಿದೆ’ ಎನ್ನುವುದು ಬೇಡ. ಶಾಲೆಯ ಹೆಸರು, ಜೆರ್ಸಿಯ ಸಂಖ್ಯೆ, ಗಳಿಸಿದ ಅಂಕ ಹೇಳಿ. ಹಿಂಬದಿಯಲ್ಲಿ ಫೋನ್ ಎತ್ತಿದವರು ಕಂಡರೆ ಪಂದ್ಯ ನಿಲ್ಲಿಸಿಯಾದರೂ ಅವರನ್ನು ಎಬ್ಬಿಸಿ. ಆಟ ಎರಡು ನಿಮಿಷ ತಡವಾದರೂ ಪರವಾಗಿಲ್ಲ.

ನಮಸ್ಕಾರ.