ಕೆರೆ ಏರಿ ಮೇಲಿನ ವೀರಗಲ್ಲು

ನಮಸ್ಕಾರ. ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ, ಒಂದು ಕೆರೆ ಏರಿ ಮೇಲೆ ನಿಂತಿದ್ದೇನೆ. ಪುರಾತತ್ವದ ಕೆಲಸಕ್ಕೆ ಅಂತ ವರ್ಷಗಟ್ಟಲೆ ಈ ಕಡೆ ಓಡಾಡಿದವನು ನಾನು. ದೇವಸ್ಥಾನಕ್ಕೆ ಆಮೇಲೆ ಹೋಗೋಣ. ಮೊದಲು ಈ ವೀರಗಲ್ಲು ನೋಡಿ, ಅಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು.

[ಕ್ಯಾಮೆರಾ ಕಲ್ಲಿನ ಹತ್ತಿರ]

ಕೆಳಗಿನ ಸಾಲಿನಲ್ಲಿ ಒಬ್ಬ ಬಿಲ್ಲು ಎಳೆದು ನಿಂತಿದ್ದಾನೆ. ಹಿಂದೆ ದನಗಳು, ಕೊಂಬು ಎಣಿಸಬಹುದು. ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಇವನು. ಅಂಥ ದಾಳಿಗೆ ಶಾಸನಗಳಲ್ಲಿ ತುರುಗೋಳ್ ಅಂತಾರೆ. ಮಧ್ಯದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಅವೆರಡು ಇರುವ ತನಕ ಇವನ ಹೆಸರು ಇರಲಿ ಅಂತ.

ಮುಖ ಮಾತ್ರ ಸವೆದು ಹೋಗಿದೆ. ಇದರ ಮೇಲೆ ಬಟ್ಟೆ ಒಗೆದಿದ್ದಾರೆ. ಒಗೆದವರ ಮೇಲೆ ನನಗೆ ಸಿಟ್ಟಿಲ್ಲ, ಇದು ಏನು ಅಂತ ಅವರಿಗೆ ಯಾರೂ ಹೇಳಿಲ್ಲ ಅಲ್ವಾ?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ತುಂಬಾ ಖುಷಿಯಾಯಿತು. ಆದರೆ ಪಟ್ಟಿಯಲ್ಲಿ ಇಲ್ಲದ ಕಲ್ಲುಗಳು ನಮ್ಮ ಹೊಲ, ಹಿತ್ತಲು, ಬಸ್ ಸ್ಟಾಪ್ ಪಕ್ಕ ಬಿದ್ದಿವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಹುಡುಕಿಸಿ, 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಪುಸ್ತಕಮಾಲೆಯ 5ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅಷ್ಟು ಹುಡುಕಿದರೂ ಆ ಪುಸ್ತಕದಲ್ಲಿ ಹಲ್ಮಿಡಿ ಶಾಸನ ಇಲ್ಲ. ಇದೇ ಬೇಲೂರು ತಾಲ್ಲೂಕಿನ ಹಳ್ಳಿ ಅದು. ವೀರಭದ್ರನ ಗುಡಿ ಮುಂದೆ ಸುಮ್ನೆ ನಿಂತಿದ್ದ ಕಲ್ಲನ್ನು 1936ರಲ್ಲಿ ಅದೇ ಇಲಾಖೆಯ ಎಂ.ಎಚ್. ಕೃಷ್ಣ ಅವರು ಗುರುತಿಸಿದರು. ಹದಿನಾರು ಸಾಲು, ಸುಮಾರು ಕ್ರಿ.ಶ. 450ರ ಕನ್ನಡ. ಅದರಲ್ಲೂ ಇರುವುದು ಯುದ್ಧದಲ್ಲಿ ಗೆದ್ದ ಒಬ್ಬನಿಗೆ ಊರು ಬಿಟ್ಟುಕೊಟ್ಟ ವಿಷಯವೇ.

ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಬರಹ ಇದ್ದ ವೀರಗಲ್ಲು ನೋಡಿ, ಪಡಿಯಚ್ಚು (ಕಲ್ಲಿನ ಅಕ್ಷರಗಳ ಕಾಗದದ ಅಚ್ಚು) ತೆಗೆಯುವ ಸಾಮಾನು ತರುತ್ತೇನೆ ಅಂತ ಬಂದೆ. ಎರಡು ತಿಂಗಳು ಬಿಟ್ಟು ಹೋದರೆ ರಸ್ತೆ ಅಗಲ ಆಗಿತ್ತು. ಕಲ್ಲು ಮೂರು ತುಂಡಾಗಿ ಮೋರಿಗೆ ಸೇರಿತ್ತು. ಒಂದು ತುಂಡಿನಲ್ಲಿ ಕುದುರೆಯ ಕಾಲು ಕಾಣುತ್ತಿತ್ತು. ಆ ಅಕ್ಷರಗಳನ್ನು ಇನ್ನು ಯಾರೂ ಓದುವ ಹಾಗಿಲ್ಲ. ರಸ್ತೆ ಬೇಕು, ಬೇಡ ಅನ್ನಲ್ಲ. ಜೆಸಿಬಿ ಬರುವ ಮೊದಲು ಯಾರಾದರೂ ಒಬ್ಬರು ಫೋನ್ ಮಾಡಿದ್ದರೆ ಸಾಕಿತ್ತು.

ಹಾಗಾಗಿ ಕೇಳಿಕೊಳ್ಳುತ್ತೇನೆ. ನಿಮ್ಮೂರಿನ ಕಲ್ಲಿನ ಫೋಟೋ ತೆಗೆದಿಡಿ, ಹಿಂದೆ ಮುಂದೆ ಎರಡೂ ಕಡೆ. ಪಂಚಾಯಿತಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ನೀವೇ ಕಿತ್ತು ಬೇರೆ ಕಡೆ ನಿಲ್ಲಿಸಬೇಡಿ. ಭಕ್ತಿಯಿಂದ ಆದರೂ ಆಯಿಲ್ ಪೇಂಟ್ ಬಳಿಯಬೇಡಿ, ಬಣ್ಣ ಅಕ್ಷರದ ಗೆರೆಯಲ್ಲಿ ತುಂಬಿಕೊಂಡರೆ ಮತ್ತೆ ಓದುವುದು ಬಹಳ ಕಷ್ಟ.

[ಕಲ್ಲಿನ ಮಧ್ಯದ ಪಟ್ಟಿ]

ಇಲ್ಲಿ ಎರಡು ಸಾಲು ಬರಹ ಇದೆ. ಈಗ ನೆತ್ತಿ ಮೇಲೆ ಬಿಸಿಲು, ಏನೂ ಕಾಣಲ್ಲ. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರ ಎದ್ದು ಕಾಣುತ್ತವೆ. ಅಲ್ಲಿ ತನಕ ಇಲ್ಲೇ ಕೂತಿರುತ್ತೇನೆ. ಇವನ ಹೆಸರು ಸಿಕ್ಕಿದರೆ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.