ಮೊದಲು ಗೇನ್ ಇಳಿಸಿ!

ಕಳೆದ ವಿಡಿಯೋ ಕೆಳಗೆ ಒಂದು ಕಾಮೆಂಟು, ರಾಕ್ ಬ್ಯಾಂಡ್ ಎಸಿ/ಡಿಸಿಯ ಹಾಡಿನ ಬಗ್ಗೆ. "ಎಸಿ/ಡಿಸಿಯ ಬ್ಯಾಕ್ ಇನ್ ಬ್ಲ್ಯಾಕ್ ಅಂದ್ರೆ ಮೂರೇ ಕಾರ್ಡ್. ಒಂದು ಡಿಸ್ಟಾರ್ಷನ್ ಪೆಡಲ್ ಇದ್ರೆ ಯಾರು ಬೇಕಾದ್ರೂ ಬಾರಿಸ್ತಾರೆ." ಅದಕ್ಕೆ ಲೈಕುಗಳು ಬೇರೆ!

ಮೂರು ಕಾರ್ಡ್ (ಒಟ್ಟಿಗೆ ಹೊಡೆಯೋ ಸ್ವರಗಳ ಗುಂಪು) ಅನ್ನೋದು ನಿಜ. ಇ, ಡಿ, ಎ. ಪೆಡಲ್, ಅಂದ್ರೆ ಗಿಟಾರ್ ಸದ್ದನ್ನ ಒರಟು ಮಾಡೋ ಕಾಲೊತ್ತು ಡಬ್ಬಿ, ಅದರ ಮಾತು ಮಾತ್ರ ಶುದ್ಧ ತಪ್ಪು. ಆ ರಿಫ್‌ನ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕಿನ) ತೂಕ ಇರೋದು ಕಾರ್ಡ್‌ಗಳ ನಡುವಿನ ಖಾಲಿ ಜಾಗದಲ್ಲಿ. ಇ ಹೊಡೆದ ಮೇಲೆ ಏನೂ ಕೇಳಬಾರದು. ಏನೂ ಅಂದ್ರೆ ಏನೂ. ಫಿಲ್ ರಡ್ ಅವರ ಡ್ರಮ್ ಮಾತ್ರ ಕೇಳಬೇಕು.

ಗೇನ್, ಅಂದ್ರೆ ಆಂಪಲ್ಲೋ ಪೆಡಲಲ್ಲೋ ಸಿಗ್ನಲ್ ಉಬ್ಬಿಸೋ ತಿರುಪು, ಏರಿಸಿದಾಗ ಆಗೋದೇನು ನೋಡಿ. ಸಿಗ್ನಲ್ ಕಂಪ್ರೆಸ್ ಆಗುತ್ತೆ, ಅಂದ್ರೆ ಜೋರಾದ ಪೆಟ್ಟು ತಗ್ಗುತ್ತೆ, ಸಣ್ಣ ಸದ್ದು ಮೇಲೇಳುತ್ತೆ. ಪಿಕಪ್ಪಿನ (ತಂತಿಯ ಕಂಪನ ಹಿಡಿಯೋ ಭಾಗದ) ಗುಂಯ್, ಬೆರಳು ಉಜ್ಜಿದ ಕಿರ್ರ್, ಎಲ್ಲ ಸೇರಿ ಆ ಖಾಲಿ ಜಾಗ ತುಂಬಿಬಿಡುತ್ತೆ. ಅಲ್ಲಿಗೆ ರಿಫ್ ಸತ್ತಂತೆ.

ಹೀಗೆ ಮಾಡಿ. ಬ್ರಿಜ್ ಪಿಕಪ್, ಅಂದ್ರೆ ತಂತಿಗಳು ಕೂರೋ ತುಂಡಿನ ಹತ್ತಿರದ್ದು, ಆನ್ ಮಾಡಿ. ಗೇನ್ ಹತ್ತರಲ್ಲಿ ನಾಲ್ಕಕ್ಕೆ ಇಡಿ, ಸದ್ದು ಸಾಲದಿದ್ರೆ ವಾಲ್ಯೂಮ್ ಏರಿಸಿ. ಮೆಟ್ರೊನೋಮ್ (ತಾಳದ ಯಂತ್ರ) ನಿಮಿಷಕ್ಕೆ 65 ಬಡಿತದಲ್ಲಿ ಶುರು ಮಾಡಿ, ಆಮೇಲೆ ನಿಧಾನಕ್ಕೆ 93ರ ಹತ್ತಿರ ಬನ್ನಿ. ಓಪನ್ ಇ ಹೊಡೆದ ಕೂಡಲೇ ಬಲಗೈ ಅಂಚು ಬ್ರಿಜ್ ಪಕ್ಕ ಕೂರಬೇಕು, ಎಡಗೈ ಬೆರಳು ತಂತಿಗಳ ಮೇಲೆ ಹಗುರವಾಗಿ ಮಲಗಬೇಕು. ಎಡಗೈ ಪೂರ್ತಿ ಎತ್ತಿದ್ರೆ ಓಪನ್ ತಂತಿ ಕೂಗುತ್ತೆ. ತುಂಬಾ ಜನ ಎಡವೋದೇ ಇಲ್ಲಿ. ಎರಡೂ ಕೈ ಸೇರಿ ಸದ್ದು ನಿಲ್ಲಿಸಬೇಕು.

ಬ್ಯಾಂಡಿನ ರಿದಮ್ ಗಿಟಾರಿಸ್ಟ್ ಮಾಲ್ಕಮ್ ಯಂಗ್ ಅವರ ಗ್ರೆಚ್ ಗಿಟಾರ್ ನೋಡಿದೀರಾ? ಬ್ರಿಜ್ ಪಿಕಪ್ ಒಂದನ್ನೇ ಉಳಿಸಿ ಮಿಕ್ಕಿದ್ದನ್ನ ಕಿತ್ತು ಹಾಕಿದ್ರು, ಆ ತೂತುಗಳು ಹಾಗೇ ಇವೆ. ಅದಕ್ಕೆ ದಪ್ಪ ತಂತಿ, ಮಾರ್ಷಲ್ ಆಂಪು, ಕಡಿಮೆ ಗೇನ್. ಮುಗೀತು. "ಆಂಗಸ್ ಹತ್ರ ಶಾಫರ್-ವೇಗಾ ವೈರ್‌ಲೆಸ್ ಇತ್ತಲ್ಲ, ಅದು ಬೂಸ್ಟ್ ಅಲ್ವಾ" ಅಂತ ಈಗ ಯಾರೋ ಟೈಪ್ ಮಾಡ್ತಿದ್ದೀರ. ಬೂಸ್ಟೇ ಸ್ವಾಮಿ, ಲೀಡ್ ಗಿಟಾರಿಸ್ಟ್ ಆಂಗಸ್ ಯಂಗ್ ಅವರ ಆ ತಂತಿಯಿಲ್ಲದ ಸಾಧನ ಸಿಗ್ನಲ್ಲನ್ನ ಒಂಚೂರು ಜೋರು ಮಾಡ್ತಿತ್ತು. ಬೂಸ್ಟ್ ಬೇರೆ, ನಿಮ್ಮ ಪೆಡಲಿನ ಕೆಸರು ಬೇರೆ.

ಈ ಹಾಡಿರೋ ಆಲ್ಬಮ್, ಅದರ ಹೆಸರೂ ಬ್ಯಾಕ್ ಇನ್ ಬ್ಲ್ಯಾಕೇ, ಹುಟ್ಟಿದ ಹೊತ್ತು ನೆನಪಿಸಿಕೊಳ್ಳಿ. 1980ರ ಫೆಬ್ರವರಿ 19ಕ್ಕೆ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡ್ರು. ಏಪ್ರಿಲ್‌ನಲ್ಲಿ ಬ್ಯಾಂಡು ಹೊಸ ಗಾಯಕ ಬ್ರಯಾನ್ ಜಾನ್ಸನ್ ಜೊತೆ ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿತ್ತು, ಜುಲೈ 25ಕ್ಕೆ ರೆಕಾರ್ಡು ಅಂಗಡಿಯಲ್ಲಿತ್ತು. ನಿರ್ಮಾಪಕ ಮಟ್ ಲ್ಯಾಂಗ್, ಎಂಜಿನಿಯರ್ ಟೋನಿ ಪ್ಲ್ಯಾಟ್.

ಇದೇ ಪ್ಲ್ಯಾಟ್ ಅದೇ ಆಲ್ಬಮ್ಮಿನ 'ಹೆಲ್ಸ್ ಬೆಲ್ಸ್' ಹಾಡಿನ ಗಂಟೆಗೆ ಪಟ್ಟ ಪಾಡು ಕೇಳಿ. ಇಂಗ್ಲೆಂಡಿನ ಲಫ್‌ಬರೋ ಊರಿನ ಗೋಪುರದಲ್ಲಿ ರೆಕಾರ್ಡ್ ಮಾಡೋಕೆ ಹೋದ್ರು. ಗಂಟೆ ಹೊಡೆದಾಗೆಲ್ಲ ಒಳಗಿದ್ದ ಹಕ್ಕಿಗಳು ಪಟಪಟ ಅಂತ ಹಾರೋವು! ಗಂಟೆಯ ನಾದ ಇಳಿಯೋ ಜಾಗದಲ್ಲೇ ರೆಕ್ಕೆ ಸದ್ದು. ಆ ಟೇಪು ಬಿಟ್ಟು, ಬ್ಯಾಂಡಿಗೇ ಅಂತ ಎರಕವಾಗ್ತಿದ್ದ ಸುಮಾರು 900 ಕೆಜಿ ಕಂಚಿನ ಗಂಟೆಯನ್ನ ಫೌಂಡ್ರಿಯಲ್ಲೇ ಹೊಡೆಸಿ, ಆ ರೆಕಾರ್ಡಿಂಗನ್ನ ಅರ್ಧ ವೇಗಕ್ಕೆ ಇಳಿಸಿದ್ರು. ಎರಡು ಪೆಟ್ಟಿನ ನಡುವಿನ ಜಾಗ ಚೊಕ್ಕಟವಾಗಿರಲಿ ಅಂತ ಇಷ್ಟೆಲ್ಲ! ನೀವು ಅದೇ ಜಾಗಕ್ಕೆ ಪೆಡಲ್ ಸುರೀತೀರ!

ಸಬ್‌ಸ್ಕ್ರೈಬ್ ಆಗದೇ ಇದ್ರೆ ಈಗಲೇ ಆಗಿ, ಮುಂದಿನ ಮಾತು ಇನ್ನೂ ಖಾರ ಇದೆ.

ಈ ಆಲ್ಬಮ್ಮಿನ ಮೊದಲ ಸಿಂಗಲ್ (ಬಿಡಿ ಹಾಡು) 'ಯೂ ಶುಕ್ ಮಿ ಆಲ್ ನೈಟ್ ಲಾಂಗ್' ಅಮೆರಿಕದ ಚಾರ್ಟ್‌ನಲ್ಲಿ 35ನೇ ಸ್ಥಾನಕ್ಕೆ ಬಂತು, ಶೀರ್ಷಿಕೆ ಹಾಡು 37ಕ್ಕೆ. "ನೋಡಿ, ಅಂಥಾ ಹಿಟ್ಟೇನಲ್ಲ" ಅಂತಾರೆ ಕೆಲವರು. ಅದೇ ಆಲ್ಬಮ್ಮಿಗೆ 2019ರಲ್ಲಿ ಅಮೆರಿಕದಲ್ಲಿ 25 ಪಟ್ಟು ಪ್ಲಾಟಿನಂ (ಮಾರಾಟಕ್ಕೆ ಕೊಡೋ ಗೌರವ) ಸಿಕ್ತು. ಚಾರ್ಟ್ ಹಿಡ್ಕೊಂಡು ಏನ್ ಮಾಡ್ತೀರ? 'ರಾಕ್ ಅಂಡ್ ರೋಲ್ ಏಂಟ್ ನಾಯ್ಸ್ ಪೊಲ್ಯೂಷನ್' ಹಾಕಿ, ಶುರುವಿನ ಗಿಟಾರ್ ಕೇಳಿ. ಎಷ್ಟು ತಿಳಿಯಾಗಿದೆ! ಎಲ್ಲಿದೆ ಪೆಡಲ್? ತೋರಿಸಿ ನನಗೆ.

"ಅವರದ್ದು ದೊಡ್ಡ ಸ್ಟುಡಿಯೋ" ಅಂತೀರ. ಗೇನ್ ಇಳಿಸೋಕೆ ಯಾವ ಸ್ಟುಡಿಯೋ ಬೇಕ್ರೀ? "ನಮ್ಮ ಆಂಪ್ ಚಿಕ್ಕದು" ಅಂತೀರ. ಚಿಕ್ಕದಕ್ಕೂ ಅದೇ ತಿರುಪು ಇದೆ, ಎಡಕ್ಕೆ ತಿರುಗಿಸಿ. ಇನ್ನೂ ಎಡಕ್ಕೆ. ಇನ್ನೂ!

ರೆಕಾರ್ಡ್ ಮಾಡಿ ಲಿಂಕ್ ಹಾಕಿ, ಎಲ್ಲ ಕೇಳ್ತೀನಿ. ಗೇನ್ ಏಳರ ಮೇಲಿದ್ರೆ ಮೊದಲ ಬಾರ್‌ನಲ್ಲೇ ಗೊತ್ತಾಗುತ್ತೆ. ಮುಂದಿನ ವಾರ ಫಿಲ್ ರಡ್ ಅವರ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳದ ತಟ್ಟೆ), ಡ್ರಮ್ಮರ್ ಗೆಳೆಯರನ್ನ ಎಳ್ಕೊಂಡು ಬನ್ನಿ.